ಮಳೆಗಾಲದಲ್ಲಿ ಮಸುಕಾದ ನೀಲಿ: 1/24 ಕಾರಿನ ಬಣ್ಣದ ಕುರಿತು

ಪ್ರಶ್ನೆ: ನಾನು ಉಡುಪಿಯಲ್ಲಿ ಬ್ಯಾಂಕ್ ಉದ್ಯೋಗಿ. ಒಂದೂವರೆ ವರ್ಷದಿಂದ ಬಿಡುವಿನ ವೇಳೆಯಲ್ಲಿ 1/24 ಅಳತೆಯ ಪ್ಲಾಸ್ಟಿಕ್ ಕಾರುಗಳನ್ನು ಕಿಟ್‌ನಿಂದ ಜೋಡಿಸುತ್ತಿದ್ದೇನೆ. ಜುಲೈ ತಿಂಗಳ ಒಂದು ಶನಿವಾರ ರಾತ್ರಿ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ (ಆರ್34) ಕಾರಿನ ಬಾಡಿಯ (ಹೊರಕವಚದ) ಮೇಲೆ ಸ್ಪ್ರೇ ಡಬ್ಬಿಯಿಂದ ಕಡುನೀಲಿ ಲ್ಯಾಕರ್ (ಬೇಗ ಒಣಗುವ ಹೊಳಪಿನ ಬಣ್ಣ) ಹೊಡೆದೆ. ಬೆಳಿಗ್ಗೆ ನೋಡಿದರೆ ಮೇಲೆಲ್ಲ ವಿಭೂತಿ ಬಳಿದಂಥ ಬಿಳಿ ಮಸುಕು, ಬಾಗಿಲುಗಳ ಮೇಲೆ ಕಿತ್ತಳೆ ಸಿಪ್ಪೆಯಂಥ ತರಿ. ಅಂದೇ ವಾಟರ್ ಪೇಪರ್ (ನೀರಿನಲ್ಲಿ ಅದ್ದಿ ಉಜ್ಜುವ ಮರಳುಕಾಗದ) ಹಿಡಿದು ಉಜ್ಜಿದೆ, ಅಂಚುಗಳಲ್ಲಿ ಬಣ್ಣದ ಅಡಿಪದರವಾದ ಪ್ರೈಮರ್ ಇಣುಕಿತು. ಅದರ ಮೇಲೆ ಅಂಟಿಸಿದ ಡೆಕಾಲ್‌ಗಳ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರಗಳ) ಅಡಿಯಲ್ಲಿ ಬೆಳ್ಳಿಯಂಥ ಹೊಳಪು ಕಾಣುತ್ತಿದೆ. ಕೊನೆಗೆ ಸೂಪರ್ ಗ್ಲೂನಿಂದ ಕಿಟಕಿಗಳ ಪಾರದರ್ಶಕ ಪ್ಲಾಸ್ಟಿಕ್ ಗಾಜು ಕೂರಿಸಿದಾಗ ಅದೂ ಮಂಜಾಯಿತು. ಕರಾವಳಿಯ ಹವೆಯಲ್ಲಿ ಈ ಹವ್ಯಾಸ ಆಗದ ಮಾತೇ? ಏರ್‌ಬ್ರಶ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಉಪಕರಣ) ಕೊಂಡರೆ ಸರಿಹೋಗುತ್ತದೆಯೇ? ಈ ಬಾಡಿಯನ್ನು ಎಸೆದುಬಿಡಲೇ?

ಉತ್ತರ: ಬಾಡಿಯನ್ನು ಎಸೆಯಬೇಡಿ. ಏರ್‌ಬ್ರಶ್ಶನ್ನೂ ಸದ್ಯಕ್ಕೆ ಕೊಳ್ಳಬೇಡಿ. ನೀವು ಹೇಳಿದ ತೊಂದರೆಗಳು ಐದಾದರೂ ಅವುಗಳಲ್ಲಿ ಹೆಚ್ಚಿನವು ಹುಟ್ಟಿರುವುದು ಆ ಶನಿವಾರ ರಾತ್ರಿಯಿಂದ ಭಾನುವಾರ ಸಂಜೆಯೊಳಗಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ. ಆ ಕೆಲಸಗಳನ್ನೇ ನೀವು ಮೂರು ವಾರಗಳಲ್ಲಿ ಹರಡಿಕೊಂಡು ಮಾಡಿದ್ದರೆ ಈ ಪತ್ರ ಬರುತ್ತಿರಲಿಲ್ಲವೆಂದು ನನ್ನ ಅನುಭವದ ಮೇಲೆ ಹೇಳಬಲ್ಲೆ. ನಾನು ಮೈಸೂರಿನವನು. ಇಲ್ಲಿನ ಹವೆ ನಿಮ್ಮ ಹವೆಯಷ್ಟು ತೇವದ್ದಲ್ಲ ನಿಜ, ಆದರೆ ಕೆಲಸದ ನಿಮಿತ್ತ ಆರು ಮಳೆಗಾಲಗಳನ್ನು ಮಂಗಳೂರಿನಲ್ಲಿ ಕಳೆದಿದ್ದೇನೆ. ಕಾರಿನ ಬಾಡಿಗೆ ಬಣ್ಣ ಹೊಡೆಯುವುದನ್ನು ನಿಜವಾಗಿ ಕಲಿತದ್ದು ಅಲ್ಲಿಯೇ.

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ, ಏಕೆಂದರೆ ಮುಂದಿನ ಮಾತೆಲ್ಲ ಅದರ ಮೇಲೆ ನಿಂತಿದೆ. ಆರ್34 ಜಿಟಿ-ಆರ್ ಕಾರಿನ ಉದ್ದ 4,600 ಮಿ.ಮೀ.; ಅದನ್ನು 24ರಿಂದ ಭಾಗಿಸಿದರೆ ನಿಮ್ಮ ಮೇಜಿನ ಮೇಲಿರುವ ಸುಮಾರು 19 ಸೆಂ.ಮೀ. ಬರುತ್ತದೆ. ಇದೇ ಭಾಗಾಕಾರವನ್ನು ಬಣ್ಣಕ್ಕೂ ಮಾಡಿ ನೋಡಿ. ಕಾರ್ಖಾನೆಯಿಂದ ಹೊರಬರುವ ಕಾರಿನ ಮೇಲೆ ಪ್ರೈಮರ್, ಬಣ್ಣ, ಮೇಲಿನ ಪಾರದರ್ಶಕ ಹೊಳಪಿನ ಪದರವಾದ ಕ್ಲಿಯರ್ ಎಲ್ಲ ಸೇರಿ 0.1ರಿಂದ 0.15 ಮಿ.ಮೀ. ದಪ್ಪದ ಪದರವಿರುತ್ತದೆ. ನಾವು ಕೈಯಲ್ಲಿ ಹೊಡೆಯುವ ಪದರಗಳೂ ಒಟ್ಟಾಗಿ 0.1 ಮಿ.ಮೀ. ಆದವೆಂದುಕೊಳ್ಳಿ. ಅಂದರೆ ನಿಜವಾದ ಕಾರಿನ ಮೇಲೆ ಎರಡೂಕಾಲು ಮಿಲಿಮೀಟರಿಗೂ ಹೆಚ್ಚು ದಪ್ಪಕ್ಕೆ ಬಣ್ಣವನ್ನು ಗಾರೆಯಂತೆ ಮೆತ್ತಿದ ಹಾಗಾಯಿತು. ಬಾಗಿಲ ಸಂದು ನಿಜವಾದ ಕಾರಿನಲ್ಲಿ 4 ಮಿ.ಮೀ. ಇದ್ದರೆ ಮಾದರಿಯಲ್ಲಿ ಅದು 0.17 ಮಿ.ಮೀ. ಮಾತ್ರ, ಎರಡೂ ಬದಿಯಿಂದ ಬಣ್ಣ ತುಂಬಿಕೊಂಡರೆ ಸಂದು ಮುಚ್ಚಿಯೇ ಹೋಗುತ್ತದೆ. ಟ್ಯಾಂಕು, ಯುದ್ಧವಿಮಾನಗಳನ್ನು ಕಟ್ಟುವವರು ಮಂಕು ಬಣ್ಣ ಬಳಿದು, ಮೇಲೊಂದಿಷ್ಟು ಕೆಸರು, ತುಕ್ಕು ತೋರಿಸಿ ಎಷ್ಟೋ ಲೋಪಗಳನ್ನು ಮರೆಮಾಡಬಹುದು. ಕಾರು ಕಟ್ಟುವವರಿಗೆ ಆ ಅನುಕೂಲವಿಲ್ಲ, ಏಕೆಂದರೆ ನೋಡುವವರ ಕಣ್ಣು ಮೊದಲು ಹೋಗುವುದೇ ಹೊಳಪಿನ ಕಡೆಗೆ, ಮತ್ತು ಹೊಳಪು ಒಂದು ಕೂದಲನ್ನೂ ಅಡಗಿಸುವುದಿಲ್ಲ.

ಈಗ ಬಿಳಿ ಮಸುಕಿನ ವಿಚಾರ. ಗ್ಯಾರೇಜಿನ ಪೇಂಟರುಗಳು ಇದನ್ನು ಬ್ಲಶ್ ಎನ್ನುತ್ತಾರೆ. ಲ್ಯಾಕರ್‌ನಲ್ಲಿರುವ ಥಿನ್ನರ್, ಎಂದರೆ ಬಣ್ಣವನ್ನು ತೆಳುಮಾಡುವ ದ್ರಾವಕ, ಬಲು ಬೇಗ ಆವಿಯಾಗುತ್ತದೆ. ಸ್ಪಿರಿಟ್ ಹಚ್ಚಿದ ಕೈ ತಣ್ಣಗಾಗುವಂತೆ ಬಾಡಿಯ ಮೇಲ್ಮೈಯೂ ಆಗ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆ ತಣ್ಣನೆಯ ಬಣ್ಣದ ಮೇಲೆ ಇಬ್ಬನಿ ಕೂರುತ್ತದೆ. ಆ ನೀರು ಒಣಗುತ್ತಿರುವ ಪದರದಲ್ಲಿ ಸಿಕ್ಕಿಕೊಂಡು ಬೆಳಕನ್ನು ಚದುರಿಸುವುದೇ ನೀವು ಕಂಡ ಮಸುಕು. ಉಷ್ಣಾಂಶ 28 ಡಿಗ್ರಿ, ಆರ್ದ್ರತೆ ಶೇ. 90 ಇರುವ ಮಳೆಗಾಲದ ರಾತ್ರಿಯಲ್ಲಿ ಇಬ್ಬನಿ ಕಟ್ಟುವ ಬಿಂದು ಸುಮಾರು 26 ಡಿಗ್ರಿ; ಮೇಲ್ಮೈ ಎರಡು ಡಿಗ್ರಿ ತಣ್ಣಗಾದರೆ ಸಾಕು, ನೀರು ಕೂರುತ್ತದೆ. ಅದೇ 28 ಡಿಗ್ರಿಯಲ್ಲಿ ಆರ್ದ್ರತೆ ಶೇ. 60 ಇದ್ದರೆ ಆ ಬಿಂದು ಸುಮಾರು 19.5 ಡಿಗ್ರಿಗೆ ಇಳಿಯುತ್ತದೆ, ಅಂದರೆ ನಿಮಗೆ ಎಂಟು ಡಿಗ್ರಿಗಳ ಬಿಡುವು ಸಿಗುತ್ತದೆ. ಹಾಗಾಗಿ ಬಣ್ಣಕ್ಕಿಂತ ಮೊದಲು ಕೊಳ್ಳಬೇಕಾದದ್ದು ಕೆಲವು ನೂರು ರೂಪಾಯಿಗೆ ಸಿಗುವ ಒಂದು ಆರ್ದ್ರತಾ ಮಾಪಕ. ಅದು ಶೇ. 65ಕ್ಕಿಂತ ಮೇಲೆ ತೋರಿಸುತ್ತಿದ್ದರೆ ನಾನು ಹೊಳಪಿನ ಬಣ್ಣದ ಡಬ್ಬಿಯನ್ನು ಮುಟ್ಟುವುದಿಲ್ಲ. ಆ ದಿನ ಸೀಟು, ಡ್ಯಾಶ್‌ಬೋರ್ಡು, ಎಂಜಿನ್ನುಗಳಿಗೆ ಕುಂಚದಲ್ಲಿ ಬಣ್ಣ ಹಚ್ಚುತ್ತೇನೆ. ಮಳೆ ಬಿಡುವು ಕೊಟ್ಟ ದಿನವೂ ಗಾಳಿ ಅತಿ ಒಣಗಿರುವುದು ಮಧ್ಯಾಹ್ನ ಒಂದರಿಂದ ಮೂರರ ನಡುವೆ. ನೀವು ಆರಿಸಿಕೊಂಡ ರಾತ್ರಿಯ ಹೊತ್ತು ಎಲ್ಲಕ್ಕಿಂತ ಕೆಟ್ಟದ್ದು.

ಇಲ್ಲಿ ಜಾಣತನ ಮಾಡಲು ಹೋಗಿ ನಾನು ಕೆಟ್ಟ ಒಂದು ಪ್ರಸಂಗವನ್ನು ಹೇಳಲೇಬೇಕು. ಎಸಿ ಇರುವ ಕೋಣೆಯ ಗಾಳಿ ಒಣಗಿರುತ್ತದೆಂದು ಲೆಕ್ಕ ಹಾಕಿ, ಬಾಡಿಯನ್ನು ಇಡೀ ಬೆಳಿಗ್ಗೆ ಅಲ್ಲಿಟ್ಟು, ವಾಸನೆ ಮನೆಯೊಳಗೆ ತುಂಬದಿರಲೆಂದು ಬಣ್ಣ ಹೊಡೆಯಲು ಮಾತ್ರ ಅದನ್ನು ಬಾಲ್ಕನಿಗೆ ತಂದೆ. ಫ್ರಿಜ್ಜಿನಿಂದ ತೆಗೆದ ಸ್ಟೀಲ್ ಲೋಟ ಬೆವರುವಂತೆ ಆ ಬಾಡಿಯೂ ಬೆವರಿತು. ಕಣ್ಣಿಗೆ ಹನಿ ಕಾಣಲಿಲ್ಲ, ಬಣ್ಣ ಬಿದ್ದ ಮೇಲೆ ಕಂಡಿತು. ಬಾಡಿ ಮತ್ತು ಡಬ್ಬಿ ಎರಡೂ ಬಣ್ಣ ಹೊಡೆಯುವ ಜಾಗದ ಗಾಳಿಯಷ್ಟೇ ಬೆಚ್ಚಗಿರಬೇಕು, ಬಾಡಿ ಒಂದು ಡಿಗ್ರಿ ಹೆಚ್ಚೇ ಬೆಚ್ಚಗಿದ್ದರೂ ಒಳ್ಳೆಯದು.

ನಿಮ್ಮ ಬಾಡಿಯ ಮೇಲಿನ ಮಸುಕು ಬಹುಪಾಲು ವಾಸಿಯಾಗುವಂಥದ್ದು. ಲ್ಯಾಕರ್‌ಗೆ ಒಂದು ಒಳ್ಳೆಯ ಗುಣವಿದೆ: ಒಣಗಿದ ಮೇಲೂ ತನ್ನದೇ ಥಿನ್ನರ್ ಸೋಕಿದರೆ ಮತ್ತೆ ಮೃದುವಾಗುತ್ತದೆ. ಒಣ ಹವೆಯ ಮಧ್ಯಾಹ್ನ ಅದೇ ಬಣ್ಣವನ್ನು ತೆಳುವಾಗಿ ಒಮ್ಮೆ ಹೊಡೆದು, ಹತ್ತು ನಿಮಿಷದ ಮೇಲೆ ಸ್ವಲ್ಪ ಒದ್ದೆಯಾಗಿ ಇನ್ನೊಮ್ಮೆ ಹೊಡೆದರೆ, ಹಳೆಯ ಪದರ ಸಡಿಲಗೊಂಡು ಒಳಗಿನ ತೇವ ಹೊರಟುಹೋಗುತ್ತದೆ. ಏರ್‌ಬ್ರಶ್ ಇರುವವರು ಇಂಥ ವೇಳೆ ಥಿನ್ನರ್‌ಗೆ ರಿಟಾರ್ಡರ್ ಬೆರೆಸುತ್ತಾರೆ. ಅದು ಆವಿಯಾಗುವ ವೇಗವನ್ನು ತಗ್ಗಿಸಿ ಮೇಲ್ಮೈ ತಣ್ಣಗಾಗುವುದನ್ನು ತಡೆಯುತ್ತದೆ. ಏರ್‌ಬ್ರಶ್ಶಿನಿಂದ ನಿಮಗೆ ಸಿಗುವ ದೊಡ್ಡ ಲಾಭ ಇದೊಂದೇ ಎಂದರೂ ಸಲ್ಲುತ್ತದೆ. ಉಳಿದಂತೆ ಕಂಪ್ರೆಸರು, ನೀರು ಹಿಡಿಯುವ ಫಿಲ್ಟರು, ಪ್ರತಿ ಸಲದ ತೊಳೆಯುವ ಕೆಲಸ ಇವೆಲ್ಲ ತಲೆಗೆ ಬರುತ್ತವೆ, ಮತ್ತು ತೇವದ ಗಾಳಿಯನ್ನು ಅದು ಒಣಗಿಸಿಕೊಡುವುದಿಲ್ಲ. ಡಬ್ಬಿಯಿಂದಲೇ ಕನ್ನಡಿಯಂಥ ಬಾಡಿ ಹೊಡೆಯುವವರನ್ನು ನಾನು ಬಲ್ಲೆ. ಹಾಂ, ಸ್ಪ್ರೇ ಡಬ್ಬಿಗಳು ಬೆಂಕಿ ಹತ್ತುವ ಸರಕಾದ್ದರಿಂದ ಅವುಗಳನ್ನು ವಿದೇಶದಿಂದ ವಿಮಾನದ ಅಂಚೆಯಲ್ಲಿ ತರಿಸಿಕೊಳ್ಳುವಂತಿಲ್ಲ, ಸಿಕ್ಕಾಗ ಒಂದು ಹೆಚ್ಚಿಗೆ ಕೊಂಡಿಡಿ. ಜಪಾನಿನ ಟಮಿಯಾ ಕಂಪನಿಯ ಟಿಎಸ್ ಸ್ಪ್ರೇ ಡಬ್ಬಿಯಲ್ಲಿ ಇರುವುದೇ 100 ಮಿ.ಲೀ.; ಅರ್ಧ ಬಾಡಿಗೆ ಬಣ್ಣ ಮುಗಿದು ಹೋಗುವ ಸಂಕಟ ಯಾರಿಗೂ ಬೇಡ.

ಕಿತ್ತಳೆ ಸಿಪ್ಪೆಯ ತರಿಗೆ ಕಾರಣ ಬೇರೆ. ಬಣ್ಣದ ಹನಿಗಳು ಬಾಡಿಯ ಮೇಲೆ ಬಿದ್ದು, ಒಂದರೊಡನೊಂದು ಕೂಡಿ, ಸಮತಟ್ಟಾಗುವಷ್ಟು ಹೊತ್ತು ಒದ್ದೆಯಾಗಿರಬೇಕು. ದೂರದಿಂದ ಹೊಡೆದರೆ ಅವು ದಾರಿಯಲ್ಲಿಯೇ ಅರ್ಧ ಒಣಗಿ ಗುಳ್ಳೆ ಗುಳ್ಳೆಯಾಗಿ ಕೂರುತ್ತವೆ; ಹತ್ತಿರದಿಂದ ಹೊಡೆದರೆ ಸೋರುತ್ತವೆ. ನನಗೆ ಸರಿಹೊಂದಿದ ಅಂತರ ಒಂದು ಗೇಣು, ಎಂದರೆ 20 ಸೆಂ.ಮೀ.ಗೆ ತುಸು ಕಡಿಮೆ. ಡಬ್ಬಿಯನ್ನು ಸ್ನಾನಕ್ಕೆ ತೋಡಿಕೊಳ್ಳುವ ಹದದ ಬೆಚ್ಚನೆಯ ನೀರಿನಲ್ಲಿ ಐದು ನಿಮಿಷ ಇಟ್ಟರೆ ಒಳಗಿನ ಒತ್ತಡ ಏರಿ ಹನಿಗಳು ಸಣ್ಣದಾಗುತ್ತವೆ. ನೀರು 40 ಡಿಗ್ರಿ ಮೀರಬಾರದು, ಡಬ್ಬಿಯನ್ನು ಒಲೆಯ ಹತ್ತಿರಕ್ಕೂ ಒಯ್ಯಬಾರದು; ಆಮೇಲೆ ಅದನ್ನು ಒರೆಸಿ, ಚೆನ್ನಾಗಿ ಕುಲುಕಿ. ಗುಂಡಿ ಒತ್ತುವುದು ಬಾಡಿಯ ಆಚೆ ತುದಿಯ ಹೊರಗೆ ಶುರುವಾಗಿ ಈಚೆ ತುದಿಯ ಹೊರಗೆ ಮುಗಿಯಬೇಕು, ಇಲ್ಲದಿದ್ದರೆ ಬಾನೆಟ್ಟಿನ ಮೂಲೆಯಲ್ಲಿ ಬಣ್ಣದ ಗಡ್ಡೆ ನಿಲ್ಲುತ್ತದೆ.

ಇನ್ನು ಎಲ್ಲಕ್ಕಿಂತ ದುಬಾರಿಯಾದ ತಪ್ಪಿಗೆ ಬರುತ್ತೇನೆ. ನೀವು ಮರುದಿನವೇ ಉಜ್ಜಿದಿರಿ. ಲ್ಯಾಕರ್ ಕೈಗೆ ಅಂಟದಂತಾಗಲು ಅರ್ಧ ಗಂಟೆ ಸಾಕು; ಒಳಗಿನ ಥಿನ್ನರ್ ಪೂರ್ತಿ ಹೊರಹೋಗಲು ದಿನಗಳೇ ಬೇಕು, ಪದರಗಳು ದಪ್ಪಗಿದ್ದು ಮಳೆಗಾಲವೂ ಆದರೆ ವಾರಗಳು. ಮೃದುವಾದ ಬಣ್ಣವನ್ನು ಉಜ್ಜಿದರೆ ಅದು ಪುಡಿಯಾಗಿ ಉದುರದೆ ಪೊರೆಯಾಗಿ ಏಳುತ್ತದೆ. ಸಹಜವಾಗಿಯೇ ಅಂಚುಗಳಲ್ಲಿ ಬಣ್ಣ ತೆಳುವಾಗಿ ಕೂತಿರುತ್ತದೆ, ಒತ್ತಡವೂ ಅಲ್ಲಿಯೇ ಹೆಚ್ಚು ಬೀಳುತ್ತದೆ. ಆದ್ದರಿಂದ ಪ್ರೈಮರ್ ಮೊದಲು ಕಾಣುವುದು ಅಲ್ಲಿಯೇ. ಉಜ್ಜಿ ಮೆರುಗು ಕೊಟ್ಟ ಮೇಲೂ ಉಳಿದ ಥಿನ್ನರ್ ಹೊರಬೀಳುತ್ತ ಪದರ ಕುಗ್ಗುವುದರಿಂದ, ತಿಂಗಳ ನಂತರ ಹೊಳಪು ಇಳಿದು ಹಳೆಯ ಗೀರುಗಳು ಮತ್ತೆ ಮೇಲೇಳುತ್ತವೆ. ಇದಕ್ಕೆ ಉಪಕರಣವೇನೂ ಬೇಡ, ಮೂಗು ಸಾಕು. ಬಾಡಿಯ ಒಳಭಾಗವನ್ನು ಮೂಗಿನ ಹತ್ತಿರ ಹಿಡಿಯಿರಿ. ಬಣ್ಣದ ವಾಸನೆ ಬರುತ್ತಿರುವವರೆಗೂ ಅದು ಒಣಗಿಲ್ಲ, ವಾಟರ್ ಪೇಪರ್‌ಗೆ ಕೈ ಹಾಕುವಂತಿಲ್ಲ. ಮೈಸೂರಿನ ಫೆಬ್ರವರಿಯಲ್ಲಿ ನನಗೆ ಒಂದು ವಾರ ಸಾಕಾಗುವ ಕಡೆ ಮಂಗಳೂರಿನ ಆಗಸ್ಟಿನಲ್ಲಿ ಮೂರು ವಾರ ಹಿಡಿದದ್ದುಂಟು.

ಕಾಯುವಾಗ ಬಾಡಿಯನ್ನು ಎಲ್ಲಿಡಬೇಕೆಂಬುದೂ ಮುಖ್ಯ. ಕರಾವಳಿಯ ಮನೆಗಳಲ್ಲಿ ಕ್ಯಾಮೆರಾ, ರೇಷ್ಮೆ ಸೀರೆಗಳಿಗೆ ಬೂಸಲು ಹಿಡಿಯದಿರಲೆಂದು ಕಪಾಟಿನೊಳಗೆ ಚಿಕ್ಕ ಬಲ್ಬು ಉರಿಸುವುದನ್ನು ನೀವು ನೋಡಿರಬಹುದು. ನನ್ನದೂ ಅದೇ ಉಪಾಯ: ಮೇಲೂ ಕೆಳಗೂ ತೂತುಗಳಿರುವ ಹಳೆಯ ಮರದ ಪೆಟ್ಟಿಗೆ, ಕೆಳಗಡೆ ಒಂದು ಹಳೆಯ ಕಾಲದ 15 ವಾಟಿನ ತಂತಿ ಬಲ್ಬು, ಒಂದು ಥರ್ಮಾಮೀಟರು. ಒಳಗಿನ ಬಿಸಿ 40 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಬೇಕು, ಏಕೆಂದರೆ ಕಿಟ್‌ನ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಪೂರ್ತಿ ಮೆದುವಾಗುವುದು 100 ಡಿಗ್ರಿಯ ಹತ್ತಿರವಾದರೂ ತೆಳ್ಳಗಿನ ಕಿಟಕಿ ಕಂಬಗಳು ಅದಕ್ಕೂ ಬಹಳ ಮೊದಲೇ ಬಾಗುತ್ತವೆ. ಹೊಸದಾಗಿ ಬಣ್ಣ ಹೊಡೆದ ಬಾಡಿಯನ್ನು ನೇರವಾಗಿ ಆ ಪೆಟ್ಟಿಗೆಗೆ ಸೇರಿಸಬಾರದು. ಮೊದಲ ದಿನ ಅದು ಬಿಡುವ ಆವಿ ಬೆಂಕಿ ಹತ್ತುವಂಥದ್ದು. ಅಷ್ಟು ಹೊತ್ತು ಧೂಳು ಬೀಳದಂತೆ ಗಾಳಿಯಾಡುವ ಜಾಗದಲ್ಲಿ ಬುಟ್ಟಿ ಮುಚ್ಚಿಟ್ಟು, ಮರುದಿನ ಒಳಗಿಡಿ.

ಲ್ಯಾಕರ್ ಎಂಬ ಹೆಸರಿನ ಮೂಲ ನಮ್ಮ ಅರಗೇ, ಸಂಸ್ಕೃತದ ಲಾಕ್ಷಾ. ಚನ್ನಪಟ್ಟಣದ ಕುಶಲಕರ್ಮಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ, ಘರ್ಷಣೆಯ ಬಿಸಿಯಲ್ಲಿ ಅದನ್ನು ಕರಗಿಸಿ, ತಾಳೆಗರಿ ಹಿಡಿದು ಮೆರುಗು ತರುವುದನ್ನು ಕಂಡಾಗಲೆಲ್ಲ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ: ಅಲ್ಲಿ ಥಿನ್ನರೂ ಇಲ್ಲ, ಮೂರು ವಾರದ ಕಾಯುವಿಕೆಯೂ ಇಲ್ಲ. ನಮ್ಮ ಡಬ್ಬಿಯಲ್ಲಿರುವುದಾದರೋ ಕೃತಕ ರಾಳ. ಗ್ಯಾರೇಜುಗಳಲ್ಲಿ ಇಂದಿಗೂ ಡ್ಯೂಕೋ ಎಂದು ಕರೆಯುವ ನೈಟ್ರೊಸೆಲ್ಯುಲೋಸ್ ಬಣ್ಣ 1920ರ ದಶಕದಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯಿಂದ ಬಂದದ್ದು. ವಾರಗಟ್ಟಲೆ ಹಿಡಿಯುತ್ತಿದ್ದ ಕಾರಿನ ಬಣ್ಣದ ಕೆಲಸವನ್ನು ಅದು ದಿನಗಳಿಗೆ ಇಳಿಸಿತು. ಆ ಬಣ್ಣ ಅಗ್ಗವೆಂದು, ಬೇಕಾದ ಛಾಯೆಯನ್ನು ಅಂಗಡಿಯವರು ಬೆರೆಸಿಯೂ ಕೊಡುತ್ತಾರೆಂದು ಕೆಲವರು ನಿಮಗೆ ಸಲಹೆ ಕೊಡಬಹುದು. ಬಣ್ಣ ಒಳ್ಳೆಯದೇ, ಆದರೆ ಅದರ ಥಿನ್ನರ್ ಉಗ್ರವಾದದ್ದು. ನನ್ನ ಎರಡನೆಯ ಕಾರಿಗೆ ಪ್ರೈಮರ್ ಹಾಕದೆ ಅದನ್ನು ಹೊಡೆದಾಗ ಇಡೀ ಚಾವಣಿ ಬೇಸಿಗೆಯ ಕೆರೆಯ ತಳದಂತೆ ಬಿರಿಯಿತು. ಕೆಳಗೆ ಮಾಡೆಲ್‌ಗೆಂದೇ ಮಾಡಿದ ಪ್ರೈಮರ್ ಎರಡು ಪದರ, ಮೇಲೆ ಮಂಜಿನಂತೆ ತೆಳ್ಳನೆಯ ಮೊದಲ ಪದರಗಳು; ಈ ಕಟ್ಟಳೆ ಮೀರದೆ ಇದ್ದರೆ ಮಾತ್ರ ಆ ದಾರಿ ಹಿಡಿಯಿರಿ. ಮೊದಲು ಕಿಟ್‌ನ ಬಿಡಿಭಾಗಗಳು ಅಂಟಿಕೊಂಡಿರುವ ಚೌಕಟ್ಟಿನ ತುಂಡೊಂದರ ಮೇಲೆ ಪರೀಕ್ಷಿಸಿ. ಎನಾಮೆಲ್ ಬಣ್ಣದ ಮೇಲೆ ಲ್ಯಾಕರ್ ಹೊಡೆಯುವುದಂತೂ ಬೇಡವೇ ಬೇಡ, ಅಡಿಯ ಪದರ ಸುಕ್ಕುಗಟ್ಟುತ್ತದೆ.

ಡೆಕಾಲ್‌ಗಳ ಅಡಿಯಲ್ಲಿ ಕಾಣುವ ಬೆಳ್ಳಿ ಸಿಕ್ಕಿಹಾಕಿಕೊಂಡ ಗಾಳಿ. ನೀವು ಅವುಗಳನ್ನು ಉಜ್ಜಿದ, ತರಿಯಾದ ಮೇಲ್ಮೈಗೆ ಅಂಟಿಸಿದಿರಿ. ತರಿಯ ತಗ್ಗುಗಳಲ್ಲಿ ಗಾಳಿ ಉಳಿಯಿತು. ಡೆಕಾಲ್‌ಗೆ ಗಾಜಿನಂಥ ನುಣುಪು ಬೇಕು. ಈಗಿರುವವನ್ನು ಉಳಿಸಿಕೊಳ್ಳಬೇಕೆಂದರೆ ಸೂಜಿಯ ಮೊನೆಯಿಂದ ಬೆಳ್ಳಿ ಕಾಣುವಲ್ಲೆಲ್ಲ ಚುಚ್ಚಿ, ಡೆಕಾಲ್ ಮೆದುಗೊಳಿಸುವ ದ್ರಾವಣವನ್ನು ಕುಂಚದಲ್ಲಿ ಮುಟ್ಟಿಸಿ ಬಿಡಿ. ಆಗ ಅದು ಸುಕ್ಕಾಗಿ ಕಾಣುತ್ತದೆ, ಗಾಬರಿಯಿಂದ ಬೆರಳು ಇಡಬೇಡಿ. ಒಣಗುತ್ತ ತಾನೇ ಹಾಸಿಕೊಳ್ಳುತ್ತದೆ. ಆದರೆ ನಿಮ್ಮ ಬಾಡಿಗೆ ಮತ್ತೆ ಬಣ್ಣ ಬೀಳಲೇಬೇಕಾದ್ದರಿಂದ ಆ ಡೆಕಾಲ್‌ಗಳನ್ನು ಸೆಲ್ಲೋಟೇಪಿನಿಂದ ಕಿತ್ತು, ಬೇರೆ ಡೆಕಾಲ್ ಹಾಳೆ ಹುಡುಕುವುದೇ ಮೇಲು. ಹೊಸ ಡೆಕಾಲ್ ಕೂತ ಮೇಲೆ ಅದರ ಮೇಲಿನ ಕ್ಲಿಯರ್‌ನ ಮೊದಲ ಎರಡು ಪದರ ಬಹಳ ತೆಳುವಾಗಿರಲಿ, ಒದ್ದೆಯಾಗಿ ಹೊಡೆದರೆ ಥಿನ್ನರ್ ಡೆಕಾಲನ್ನು ಸುರುಟಿಸುತ್ತದೆ.

ಗಾಜಿನ ಮಂಜಿಗೂ ಬಣ್ಣಕ್ಕೂ ಸಂಬಂಧವಿಲ್ಲ. ಸೂಪರ್ ಗ್ಲೂ ಗಟ್ಟಿಯಾಗುವುದೇ ತೇವದಿಂದ. ಅದರ ಆವಿ ಹತ್ತಿರದ ನುಣುಪಾದ ಮೇಲ್ಮೈಯಲ್ಲಿ ಬಿಳಿ ಪುಡಿಯಾಗಿ ಕೂರುತ್ತದೆ. ಗಾಜಿಗೆ, ದೀಪಗಳಿಗೆ ಮರಗೆಲಸದ ಫೆವಿಕಾಲ್ ಬಳಸಿ. ಒಣಗಿದರೆ ಪಾರದರ್ಶಕವಾಗುತ್ತದೆ, ಹೆಚ್ಚಾದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಮಂಜಾದ ಗಾಜನ್ನು ನಾಜೂಕಾಗಿ ಬಿಡಿಸಿ ಸಣ್ಣ ತರಿಯ ಪಾಲಿಶಿಂಗ್ ಕಾಂಪೌಂಡಿನಿಂದ ಉಜ್ಜಿದರೆ ಮತ್ತೆ ತಿಳಿಯಾಗುತ್ತದೆ.

ಕೆಲಸ ಮಾಡುವ ಜಾಗದ ಬಗ್ಗೆ ನೀವು ಏನೂ ಬರೆದಿಲ್ಲ, ಆದರೆ ರಾತ್ರಿ ಹೊತ್ತು ಎಂದಾಗ ಕಿಟಕಿ ಮುಚ್ಚಿದ ಕೋಣೆಯೇ ನನ್ನ ಕಣ್ಣಿಗೆ ಬಂತು. ಬಟ್ಟೆಯ ಮಾಸ್ಕ್ ಧೂಳಿಗೆ ಸರಿ, ಥಿನ್ನರ್ ಆವಿಗೆ ಸಾಲದು. ಸಾವಯವ ಆವಿಗಳಿಗೆಂದೇ ಇರುವ ಕಾರ್ಟ್ರಿಜ್ ಹಾಕಿದ ಮಾಸ್ಕ್ ಬೇಕು, ಏರ್‌ಬ್ರಶ್ಶಿಗೆಂದು ಎತ್ತಿಟ್ಟ ಹಣದಲ್ಲಿ ಮೊದಲು ಅದನ್ನು ಕೊಳ್ಳಿ. ಅಡುಗೆಮನೆಯ ಒಲೆ, ದೇವರ ಮನೆಯ ನಂದಾದೀಪ ಎರಡೂ ಆರಿವೆಯೇ ಎಂದು ನೋಡಿಕೊಂಡೇ ಡಬ್ಬಿ ಎತ್ತಿಕೊಳ್ಳಿ. ಸಂಜೆಯ ದೀಪದ ಹೊತ್ತಿಗೆ ನಾನು ಬಣ್ಣ ಹೊಡೆಯಬಾರದೆಂಬುದು ನಮ್ಮ ಮನೆಯಲ್ಲಿ ಬಹಳ ಹಿಂದೆಯೇ ಆದ ಒಪ್ಪಂದ.

ಈ ಸ್ಕೈಲೈನ್ ಬಾಡಿಗೆ ಈಗ ಏನು ಮಾಡಬೇಕೆಂದರೆ, ಗಾಜು, ಡೆಕಾಲ್ ತೆಗೆದು, ವಾಸನೆ ಹೋಗುವವರೆಗೆ ಅದನ್ನು ಮುಟ್ಟದೆ ಇಡಿ. ಆಮೇಲೆ 1500ರ (ಅಂಕಿ ಹೆಚ್ಚಿದಷ್ಟೂ ನಯ) ವಾಟರ್ ಪೇಪರನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಅದ್ದಿ, ಬಾಗಿಲುಗಳ ತರಿ ಸಮವಾಗುವಷ್ಟು ಮಾತ್ರ ಉಜ್ಜಿ. ಅಂಚುಗಳಿಗೂ ಬಾನೆಟ್ಟಿನ ಏಣುಗಳಿಗೂ ತೆಳುವಾದ ಮಾಸ್ಕಿಂಗ್ ಟೇಪ್ ಹಚ್ಚಿ, ಸುತ್ತಲಿನ ಸಪಾಟು ಭಾಗ ಮುಗಿದ ಮೇಲೆ ಟೇಪ್ ಕಿತ್ತು, ಅಲ್ಲಿ ಎರಡೇ ಎರಡು ಸಲ ಪೇಪರ್ ಆಡಿಸಿ. ಬಾಗಿಲ ಸಂದುಗಳನ್ನು ಭೂತಗನ್ನಡಿಯಲ್ಲಿ ನೋಡಿ. ಬಣ್ಣ ತುಂಬಿಕೊಂಡಿದ್ದರೆ ಗೆರೆ ಕೊರೆಯುವ ಚೂಪಾದ ಸ್ಕ್ರೈಬರ್‌ನಿಂದ ಹಗುರವಾಗಿ, ಒಂದೇ ದಿಕ್ಕಿಗೆ ಎಳೆದು ಬಿಡಿಸಬೇಕು. ಮುಂದಿನ ಕಿಟ್‌ನಲ್ಲಿ ಈ ಕೆಲಸವನ್ನು ಪ್ರೈಮರ್‌ಗಿಂತ ಮೊದಲೇ ಮಾಡಿಕೊಳ್ಳಿ. ಸಂದುಗಳು ಪೂರ್ತಿ ಮುಚ್ಚಿಹೋಗಿದ್ದರೆ ಮಾತ್ರ ಬಣ್ಣವನ್ನೆಲ್ಲ ತೆಗೆಯುವ ಮಾತು. ಅದಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒಂದು ದಿನ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ನೋಡುತ್ತೇನೆ, ಅದಕ್ಕೂ ಜಗ್ಗದಿದ್ದರೆ ಕೈಗವಸು ಹಾಕಿಕೊಂಡು ಬ್ರೇಕ್ ಆಯಿಲ್. ಎರಡನ್ನೂ ಮೊದಲು ಚೌಕಟ್ಟಿನ ತುಂಡಿನ ಮೇಲೆ ಪರೀಕ್ಷಿಸಿದ ಮೇಲೆಯೇ.

ನಂತರ ಒಣ ಮಧ್ಯಾಹ್ನ ನೋಡಿಕೊಂಡು ನೀಲಿ, ಎರಡು ಮೂರು ದಿನಗಳ ಮೇಲೆ ಡೆಕಾಲ್, ಅದು ಚೆನ್ನಾಗಿ ಒಣಗಿದ ಮೇಲೆ ಕ್ಲಿಯರ್. ಕ್ಲಿಯರ್‌ನ ವಾಸನೆ ಹೋದ ಬಳಿಕ 2000ರ ಪೇಪರ್, ಆಮೇಲೆ ಮೂರು ಹದದ ಕಾಂಪೌಂಡು, ದೊರಗಿನಿಂದ ನಯಕ್ಕೆ, ಪ್ರತಿಯೊಂದಕ್ಕೂ ಬೇರೆ ಬಟ್ಟೆ. ಅಕ್ಟೋಬರಿನಲ್ಲಿ ಮಳೆ ಹಿಂದೆ ಸರಿಯುವವರೆಗೆ ಬೇಕಾದರೆ ಕ್ಲಿಯರ್ ಹೊಡೆಯುವುದನ್ನು ಮುಂದೂಡಿ, ನಾನಾಗಿದ್ದರೆ ಹಾಗೆಯೇ ಮಾಡುತ್ತಿದ್ದೆ. ಅಷ್ಟರಲ್ಲಿ ಚಕ್ರಗಳನ್ನು ಮುಗಿಸಿಕೊಳ್ಳಬಹುದು. ಒಂದು ಮಾತು ಮಾತ್ರ: ಕಿಟ್‌ನ ವಿನೈಲ್ ಟೈರುಗಳನ್ನು ಗಾಜಿನ ಭಾಗಗಳ ಜೊತೆ ಒಂದೇ ಪೊಟ್ಟಣದಲ್ಲಿ ಇಟ್ಟಿದ್ದರೆ ಇಂದೇ ಬೇರೆ ಮಾಡಿ. ವಿನೈಲ್‌ನಿಂದ ಒಸರುವ ಎಣ್ಣೆಯಂಥ ಪದಾರ್ಥ ಪಾಲಿಸ್ಟೈರೀನನ್ನು ಕರಗಿಸುತ್ತದೆ. ನನ್ನ ಒಂದು ಕಿಟ್‌ನ ಮುಂಗಾಜಿನ ನಡುವೆ ಟೈರಿನ ಅಚ್ಚು ಇಂದಿಗೂ ಹಾಗೆಯೇ ಇದೆ.